ಹೋವರ್ಡ್ ನ್ಯಾಯಶಾಸ್ತ್ರಶಾಲೆಯೂ ಪೌರಹಕ್ಕುಗಳ ವ್ಯಾಜ್ಯವೂ

1

1954ನೆಯ ಇಸವಿ ಮೇ ತಿಂಗಳು 17ನೆಯ ತಾರೀಖಿನಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ವರಿಷ್ಠ ನ್ಯಾಯಾಲಯವು, ಸರಕಾರದ ಪಾಠಶಾಲೆಗಳಲ್ಲಿ ಬಿಳಿಯರ ಮಕ್ಕಳನ್ನೂ ಕಪ್ಪು ಜನರ ಮಕ್ಕಳನ್ನೂ ಬೇರೆಬೇರೆಯಾಗಿ ಕೂರಿಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ಒಂಬತ್ತು ಮಂದಿ ನ್ಯಾಯಾಧೀಶರ ಏಕಾಭಿಪ್ರಾಯದಿಂದ ತೀರ್ಪನ್ನಿತ್ತಿತು. ಬ್ರೌನ್ ವ್ಯಾಜ್ಯವೆಂದು ಪ್ರಸಿದ್ಧವಾದ ಈ ತೀರ್ಪಿನ ಮಾತು ಬಂದಾಗ ಇಬ್ಬರ ಹೆಸರುಗಳು ಮುಖ್ಯವಾಗಿ ಕೇಳಿಬರುತ್ತವೆ: ತೀರ್ಪನ್ನು ಬರೆದ ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ನರದು ಒಂದು, ವಾದಿಗಳ ಪಕ್ಷವನ್ನು ಮುಂದೆ ನಿಂತು ನಡೆಸಿದ ಥರ್ಗುಡ್ ಮಾರ್ಷಲ್ಲರದು ಇನ್ನೊಂದು. ಈ ಕೀರ್ತಿ ಇಬ್ಬರಿಗೂ ಸಲ್ಲತಕ್ಕದ್ದೇ ಸರಿ. ಆದರೆ ಆ ದಿನ ನಿರ್ಣಯವಾದ ಐದು ವ್ಯಾಜ್ಯಗಳ ಕಡತಗಳನ್ನು ತೆರೆದು ನೋಡಿದವರಿಗೆ ಬೇರೊಂದು ಸಂಗತಿಯೂ ಗೋಚರವಾಗುತ್ತದೆ. ಮಾರ್ಷಲ್, ವರ್ಜಿನಿಯಾ ಪ್ರಾಂತದ ವ್ಯಾಜ್ಯವನ್ನು ನಡೆಸಿದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ರಾಜಧಾನಿಯ ವ್ಯಾಜ್ಯವನ್ನು ನಡೆಸಿದ ಜೇಮ್ಸ್ ನ್ಯಾಬ್ರಿಟ್ ಮತ್ತು ಜಾರ್ಜ್ ಹೇಯ್ಸ್—ಇವರೆಲ್ಲರೂ ವಾಷಿಂಗ್ಟನ್ ನಗರದ ಒಂದೇ ಶಾಲೆಯಲ್ಲಿ ಕಲಿತವರು, ಇಲ್ಲವೆ ಅಲ್ಲಿಯೇ ಕಲಿಸಿದವರು. ಅದು ಹೋವರ್ಡ್ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರಶಾಲೆ.

ಇದು ಕಾಕತಾಳೀಯವಲ್ಲ. ಆ ತೀರ್ಪಿಗೆ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, 1929ರಲ್ಲಿ, ಒಬ್ಬ ಉಪಾಧ್ಯಾಯರು ಆ ಶಾಲೆಯ ಆಡಳಿತವನ್ನು ವಹಿಸಿಕೊಂಡು, ಇಂಥ ವ್ಯಾಜ್ಯಗಳನ್ನು ನಡೆಸತಕ್ಕ ವಕೀಲರನ್ನು ಸಿದ್ಧಪಡಿಸುವುದೇ ಅದರ ಮುಖ್ಯ ಪ್ರಯೋಜನವೆಂದು ನಿಶ್ಚಯಿಸಿದರು. ಅವರ ಹೆಸರು ಚಾರಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ಆ ಶಾಲೆ ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಬಂದಿತು, ಅಲ್ಲಿ ಏನನ್ನು ಹೇಗೆ ಕಲಿಸಿದರು, ಅದಕ್ಕಾಗಿ ತೆತ್ತ ಬೆಲೆಯೇನು ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಣೀಯವಾಗಿವೆ.

2

ಅಮೆರಿಕದ ಅಂತರ್ಯುದ್ಧವು ಮುಗಿದ ಬಳಿಕ ಆ ದೇಶದ ರಾಜ್ಯಾಂಗಕ್ಕೆ ಮೂರು ತಿದ್ದುಪಡಿಗಳು ಬಂದವು. 1865ರ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ತೊಡೆದುಹಾಕಿತು. 1868ರ ಹದಿನಾಲ್ಕನೆಯದು ಕಾನೂನಿನ ಸಮಾನ ರಕ್ಷಣೆಯನ್ನು ಯಾವ ಪ್ರಾಂತವೂ ಯಾರಿಗೂ ನಿರಾಕರಿಸಕೂಡದೆಂದು ವಿಧಿಸಿತು. 1870ರ ಹದಿನೈದನೆಯದು ಬಣ್ಣದ ಕಾರಣದಿಂದ ಮತದ ಹಕ್ಕನ್ನು ಕಸಿದುಕೊಳ್ಳಬಾರದೆಂದಿತು. ಆ ಉತ್ಸಾಹದ ಕಾಲದಲ್ಲಿಯೇ, ಎಂದರೆ 1867ನೆಯ ಇಸವಿ ಮಾರ್ಚ್ ತಿಂಗಳಲ್ಲಿ, ಕಾಂಗ್ರೆಸ್ ಸಭೆಯ ಶಾಸನದಿಂದ ಹೋವರ್ಡ್ ವಿಶ್ವವಿದ್ಯಾನಿಲಯವು ಹುಟ್ಟಿತು. ಬಿಡುಗಡೆ ಹೊಂದಿದ ಗುಲಾಮರ ಯೋಗಕ್ಷೇಮಕ್ಕಾಗಿ ಏರ್ಪಟ್ಟಿದ್ದ ಇಲಾಖೆಯ ಮುಖ್ಯಾಧಿಕಾರಿ, ಸೇನಾನಿ ಆಲಿವರ್ ಓಟಿಸ್ ಹೋವರ್ಡರ ಹೆಸರನ್ನು ಅದಕ್ಕೆ ಇಟ್ಟರು. ನ್ಯಾಯಶಾಸ್ತ್ರ ವಿಭಾಗವು 1869ರಲ್ಲಿ ಆರಂಭವಾಯಿತು. ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ನರು ಅದರ ಮೊದಲ ಮುಖ್ಯಸ್ಥರು. 1872ರಲ್ಲಿ ಅಲ್ಲಿಂದ ಪದವಿ ಪಡೆದ ಶಾರ್ಲಟ್ ರೇ ಎಂಬಾಕೆ ಆ ದೇಶದ ಕಪ್ಪು ಸ್ತ್ರೀಯರಲ್ಲಿ ಮೊತ್ತಮೊದಲು ವಕೀಲಿ ಸನ್ನದು ಪಡೆದವರು.

ಆದರೆ ಉತ್ಸಾಹವು ಬಹುಕಾಲ ನಿಲ್ಲಲಿಲ್ಲ. ದಕ್ಷಿಣದ ಪ್ರಾಂತಗಳು ಮತದ ಹಕ್ಕನ್ನು ಉಪಾಯಾಂತರಗಳಿಂದ ಅಪಹರಿಸಿದವು. ರೈಲುಗಾಡಿ, ಪಾಠಶಾಲೆ, ಆಸ್ಪತ್ರೆ, ನೀರಿನ ಕೊಳಾಯಿ ಎಲ್ಲದರಲ್ಲಿಯೂ ಬಣ್ಣದ ಗೆರೆಯನ್ನೆಳೆದವು. 1890ರ ಲೂಯಿಸಿಯಾನಾ ಪ್ರಾಂತದ ಕಾನೂನೊಂದು ರೈಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಪ್ರತ್ಯೇಕವಾದ ಡಬ್ಬಿಗಳಿರಬೇಕೆಂದು ವಿಧಿಸಿತು. ಅದನ್ನು ಪ್ರಶ್ನಿಸಿ ಹೋಮರ್ ಪ್ಲೆಸ್ಸಿ ಎಂಬವರು ಹೂಡಿದ ವ್ಯಾಜ್ಯದಲ್ಲಿ, 1896ರಲ್ಲಿ, ವರಿಷ್ಠ ನ್ಯಾಯಾಲಯವು ಪ್ರತ್ಯೇಕವಾಗಿದ್ದರೂ ಸಮಾನವಾಗಿದ್ದರೆ ದೋಷವಿಲ್ಲವೆಂದು ತೀರ್ಮಾನಿಸಿತು. ಹಾರ್ಲನ್ನರೊಬ್ಬರೇ ಭಿನ್ನಮತವನ್ನು ಬರೆದರು. ಮುಂದಿನ ಐವತ್ತೆಂಟು ವರ್ಷಗಳವರೆಗೆ ಪ್ರತ್ಯೇಕತೆಯೇನೋ ಶ್ರದ್ಧೆಯಿಂದ ನಡೆಯಿತು. ಸಮಾನತೆ ತೀರ್ಪಿನ ಮಾತಿನಲ್ಲಿ ಮಾತ್ರ ಉಳಿಯಿತು.

ಹೋವರ್ಡಿನ ನ್ಯಾಯಶಾಸ್ತ್ರಶಾಲೆ ಈ ಅವಧಿಯಲ್ಲಿ ರಾತ್ರಿಯ ಶಾಲೆಯಾಗಿ ನಡೆದುಕೊಂಡು ಬಂದಿತು. ವಿದ್ಯಾರ್ಥಿಗಳು ಹಗಲು ಸರಕಾರದ ಕಚೇರಿಗಳಲ್ಲಿ ಗುಮಾಸ್ತರಾಗಿಯೋ ದೂತರಾಗಿಯೋ ದುಡಿದು ಸಂಜೆಯ ಮೇಲೆ ಬಂದು ಓದುತ್ತಿದ್ದರು. ಉಪಾಧ್ಯಾಯರೂ ತಮ್ಮ ವಕೀಲಿಯನ್ನೋ ನ್ಯಾಯಾಧೀಶರ ಕೆಲಸವನ್ನೋ ಮುಗಿಸಿ ಬರತಕ್ಕವರೇ. ನ್ಯಾಯಾಲಯಗಳ ಸಮೀಪದಲ್ಲಿ, ಐದನೆಯ ಬೀದಿಯ ಒಂದು ಮನೆಯೇ ಶಾಲೆಯಾಗಿದ್ದಿತು. ಪುಸ್ತಕಗಳು ಸಾಲದೆ ಇದ್ದವು. ಆದರೂ ಆ ದೇಶದ ಕಪ್ಪು ವಕೀಲರಲ್ಲಿ ಬಹುಭಾಗ ಈ ಶಾಲೆಯಿಂದ ಬಂದವರೇ ಎಂಬುದನ್ನು ಮರೆಯಲಾಗದು. 1930ರ ಜನಗಣತಿಯ ಕಾಲಕ್ಕೆ ಕಪ್ಪು ಜನರ ಸಂಖ್ಯೆ ಸುಮಾರು 1 ಕೋಟಿ 19 ಲಕ್ಷ. ಅವರಲ್ಲಿ ವಕೀಲರಾಗಿದ್ದವರು ಸುಮಾರು 1,200 ಮಂದಿ. ಆ ವಕೀಲರಲ್ಲಿ ಹೆಚ್ಚಿನವರು ಉತ್ತರದ ದೊಡ್ಡ ಪಟ್ಟಣಗಳಲ್ಲಿದ್ದರು. ವಕೀಲರ ಆವಶ್ಯಕತೆ ಅತ್ಯಂತವಾಗಿದ್ದ ದಕ್ಷಿಣದ ಹಳ್ಳಿಗಾಡಿನಲ್ಲಿ ಅವರು ಇಲ್ಲವೆಂದೇ ಹೇಳಬಹುದು.

3

ಹ್ಯೂಸ್ಟನ್ನರು 1895ನೆಯ ಇಸವಿ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನಲ್ಲಿ ಜನಿಸಿದರು. ತಂದೆ ವಿಲಿಯಂ ಹ್ಯೂಸ್ಟನ್ನರು ಹಗಲು ಸರಕಾರದ ಗುಮಾಸ್ತರಾಗಿದ್ದು, ರಾತ್ರಿ ಇದೇ ಹೋವರ್ಡ್ ಶಾಲೆಯಲ್ಲಿ ಓದಿ ವಕೀಲರಾದವರು. ಈ ಸಂಗತಿಗೆ ಮುಂದೆ ವಿಶೇಷವಾದ ಅರ್ಥ ಬರುವುದರಿಂದ ಇದನ್ನು ಇಲ್ಲಿ ಗಮನಿಸಿರಬೇಕು. ತಾಯಿ ಮೇರಿಯವರು ಮೊದಲು ಉಪಾಧ್ಯಾಯಿನಿಯಾಗಿದ್ದು, ಬಳಿಕ ಶ್ರೀಮಂತ ಸ್ತ್ರೀಯರ ಕೇಶಾಲಂಕಾರದ ವೃತ್ತಿಯಿಂದ ಮನೆತನಕ್ಕೆ ನೆರವಾದರು. ಮಗನು 1915ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನಿಂದ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿ ಬಂದು ಹೋವರ್ಡಿನಲ್ಲಿಯೇ ಇಂಗ್ಲಿಷ್ ಪಾಠ ಹೇಳತೊಡಗಿದನು.

ಆತನನ್ನು ನ್ಯಾಯಶಾಸ್ತ್ರದ ಕಡೆಗೆ ತಿರುಗಿಸಿದುದು ಮೊದಲನೆಯ ಮಹಾಯುದ್ಧ. 1917ರಲ್ಲಿ ಕಪ್ಪು ಅಧಿಕಾರಿಗಳಿಗಾಗಿ ಐಯೋವಾ ಪ್ರಾಂತದ ಡಿ ಮಾಯಿನ್ ಕೋಟೆಯಲ್ಲಿ ತೆರೆದ ಶಿಬಿರದಲ್ಲಿ ಶಿಕ್ಷಣ ಪಡೆದು, ಫಿರಂಗಿ ದಳದ ಅಧಿಕಾರಿಯಾಗಿ ಫ್ರಾನ್ಸಿಗೆ ಹೋದ ಹ್ಯೂಸ್ಟನ್ನರಿಗೆ, ಶತ್ರುಗಳಿಗಿಂತ ಸ್ವದೇಶದ ಬಿಳಿಯ ಸೈನಿಕರಿಂದಲೇ ಹೆಚ್ಚಾಗಿ ಅಪಮಾನ ಒದಗಿತು. ಒಂದು ರಾತ್ರಿ ಅಮೆರಿಕದ ಬಿಳಿಯ ಸಿಪಾಯಿಗಳ ಗುಂಪೊಂದು ಅವರನ್ನೂ ಜೊತೆಯ ಅಧಿಕಾರಿಗಳನ್ನೂ ಮುತ್ತಿ ಕೊಲ್ಲುವ ಮಟ್ಟಕ್ಕೆ ಬಂದಿದ್ದಿತು. ಅದಕ್ಕೆ ಮುಂಚೆ, ಸ್ವದೇಶದ ಪಾಳೆಯದಲ್ಲಿ ಸೇನಾನ್ಯಾಯದ ಕೆಲಸವನ್ನು ನೋಡುತ್ತಿದ್ದಾಗ, ತಾವು ವಿಚಾರಿಸಿ ನಿರಪರಾಧಿಯೆಂದು ಕಂಡ ಕಪ್ಪು ಸೈನಿಕನು ಶಿಕ್ಷೆಗೆ ಗುರಿಯಾದುದನ್ನೂ ಅವರು ನೋಡಿದ್ದರು. ತಾನು ಬದುಕಿ ಹಿಂದಿರುಗಿದರೆ ನ್ಯಾಯಶಾಸ್ತ್ರವನ್ನು ಓದಿ, ತಿರುಗಿ ಹೊಡೆಯಲಾರದವರ ಪರವಾಗಿ ಹೋರಾಡುವುದರಲ್ಲಿ ಜೀವಮಾನವನ್ನು ಕಳೆಯಬೇಕೆಂದು ಆಗಲೇ ನಿಶ್ಚಯಿಸಿದುದಾಗಿ ಅವರು ಮುಂದೆ ಬರೆದಿದ್ದಾರೆ.

1919ರಲ್ಲಿ ಹಾರ್ವರ್ಡ್ ನ್ಯಾಯಶಾಸ್ತ್ರಶಾಲೆಯನ್ನು ಸೇರಿ, 1922ರಲ್ಲಿ ಪದವಿಯನ್ನೂ 1923ರಲ್ಲಿ ನ್ಯಾಯಶಾಸ್ತ್ರದ ಡಾಕ್ಟರ್ ಪದವಿಯನ್ನೂ ಪಡೆದರು. ಅಲ್ಲಿಯ ವಿದ್ವತ್ಪತ್ರಿಕೆಯ ಸಂಪಾದಕ ಮಂಡಲಿಗೆ ಆಯ್ಕೆಯಾದ ಮೊದಲ ಕಪ್ಪು ವಿದ್ಯಾರ್ಥಿಯೂ ಅವರೇ. ಅಲ್ಲಿ ಅವರಿಗೆ ಗುರುಗಳಾಗಿದ್ದವರು ರಾಸ್ಕೋ ಪೌಂಡರೂ ಫೀಲಿಕ್ಸ್ ಫ್ರಾಂಕ್‌ಫರ್ಟರರೂ. ನ್ಯಾಯಶಾಸ್ತ್ರವು ಕೇವಲ ಸೂತ್ರಗಳ ಸಂಗ್ರಹವಲ್ಲ, ಸಮಾಜದ ವ್ಯವಹಾರದಲ್ಲಿ ಅದರಿಂದ ಆಗುವ ಫಲವನ್ನು ನೋಡಿಯೇ ಅದನ್ನು ಅಳೆಯಬೇಕೆಂಬ ಪೌಂಡರ ಮತವು ಶಿಷ್ಯನ ಮನಸ್ಸಿನಲ್ಲಿ ನೆಟ್ಟಿತು. 1947ರಲ್ಲಿ ಭಾರತದ ರಾಜ್ಯಾಂಗರಚನೆಗೆ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗರಾಯರು ಅಮೆರಿಕಕ್ಕೆ ಹೋಗಿ ಸಮಾಲೋಚಿಸಿದುದು ಇದೇ ಫ್ರಾಂಕ್‌ಫರ್ಟರರೊಡನೆ; ಆ ವೇಳೆಗೆ ಅವರು ವರಿಷ್ಠ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. 1954ರ ತೀರ್ಪಿಗೆ ಒಪ್ಪಿಗೆಯಿತ್ತ ಒಂಬತ್ತು ಮಂದಿಯಲ್ಲಿಯೂ ಅವರೊಬ್ಬರು.

ಮ್ಯಾಡ್ರಿಡ್ ನಗರದಲ್ಲಿ ಒಂದು ವರ್ಷ ಓದಿ ಬಂದ ಹ್ಯೂಸ್ಟನ್ನರು 1924ರಿಂದ ತಂದೆಯ ಜೊತೆಯಲ್ಲಿ ವಕೀಲಿಯನ್ನೂ ಹೋವರ್ಡಿನಲ್ಲಿ ಉಪಾಧ್ಯಾಯ ವೃತ್ತಿಯನ್ನೂ ಕೈಗೊಂಡರು.

4

1926ರಲ್ಲಿ ಮಾರ್ಡಕಾಯ್ ಜಾನ್ಸನ್ನರು ಹೋವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. ಆ ಪದವಿಗೆ ಬಂದ ಕಪ್ಪು ಜನರಲ್ಲಿ ಅವರೇ ಮೊದಲಿಗರು. ವರಿಷ್ಠ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಲೂಯಿ ಬ್ರಾಂಡೈಸರು ಒಮ್ಮೆ ಅವರೊಡನೆ ಮಾತನಾಡುತ್ತ, ನ್ಯಾಯಾಲಯಕ್ಕೆ ಬರುವ ವಾದಪತ್ರಗಳಲ್ಲಿ ಕಪ್ಪು ವಕೀಲರು ಬರೆದವು ಯಾವುವೆಂದು ಓದಿದೊಡನೆಯೇ ಗೊತ್ತಾಗುತ್ತದೆ, ಪೂರ್ಣಕಾಲದ ಉಪಾಧ್ಯಾಯರನ್ನಿಟ್ಟು ಒಳ್ಳೆಯ ಶಾಲೆಯನ್ನು ಕಟ್ಟಿರಿ ಎಂದು ಸಲಹೆಯಿತ್ತರೆಂದು ಹೇಳುತ್ತಾರೆ. ಮಾತು ಕಟುವಾದರೂ ಹಿತವಾದುದು. 1929ರಲ್ಲಿ ಜಾನ್ಸನ್ನರು ಹ್ಯೂಸ್ಟನ್ನರನ್ನು ಶಾಲೆಯ ವೈಸ್ ಡೀನರನ್ನಾಗಿ ನಿಯಮಿಸಿದರು. 

ಹ್ಯೂಸ್ಟನ್ನರು ಮಾಡಿದ ಸುಧಾರಣೆಗಳನ್ನು ಸಂಗ್ರಹವಾಗಿ ಹೇಳಬಹುದು. ಪ್ರವೇಶದ ನಿಯಮಗಳು ಬಿಗಿಯಾದವು, ಪುಸ್ತಕಭಂಡಾರವು ಬೆಳೆಯಿತು, ಪೂರ್ಣಕಾಲದ ಉಪಾಧ್ಯಾಯರು ನೇಮಕವಾದರು. ಹಾರ್ವರ್ಡಿನಲ್ಲಿಯೇ ಓದಿದ ವಿಲಿಯಂ ಹೇಸ್ಟಿಯವರೂ, ಲಿಯೋನ್ ರಾನ್ಸಮ್ಮರೂ ಅವರಲ್ಲಿ ಮುಖ್ಯರು. ಎಲ್ಲಕ್ಕಿಂತ ಹೆಚ್ಚಾಗಿ, ರಾತ್ರಿಯ ಶಾಲೆ ಮುಚ್ಚಿ ಹಗಲಿನ ಶಾಲೆ ಮಾತ್ರ ಉಳಿಯಿತು. 1931ರಲ್ಲಿ ಅಮೆರಿಕದ ವಕೀಲರ ಸಂಘವು ಶಾಲೆಗೆ ಪೂರ್ಣ ಮನ್ನಣೆಯನ್ನು ಕೊಟ್ಟಿತು. ಅದೇ ವರ್ಷದ ಕೊನೆಯಲ್ಲಿ ನ್ಯಾಯಶಾಸ್ತ್ರಶಾಲೆಗಳ ಸಂಘವು ಅದನ್ನು ಸದಸ್ಯನನ್ನಾಗಿ ಸ್ವೀಕರಿಸಿತು. ಇಲ್ಲಿ ಒಂದು ವೈಪರೀತ್ಯವನ್ನು ಕಾಣಬಹುದು. ಮನ್ನಣೆಯನ್ನಿತ್ತ ಆ ವಕೀಲರ ಸಂಘವು ಕಪ್ಪು ವಕೀಲರನ್ನು ತನ್ನ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. 1943ರವರೆಗೆ ಆ ಬಾಗಿಲು ತೆರೆಯಲಿಲ್ಲ. ತಮ್ಮನ್ನು ಹೊರಗೆ ನಿಲ್ಲಿಸಿದವರ ಅಳತೆಗೋಲಿನಿಂದಲೇ ತಮ್ಮ ಶಾಲೆಯನ್ನು ಅಳೆಯಿಸಿಕೊಂಡು ಗೆಲ್ಲಬೇಕೆಂಬುದು ಹ್ಯೂಸ್ಟನ್ನರ ನಿಶ್ಚಯವಾಗಿದ್ದಿತು.

ರಾತ್ರಿಯ ಶಾಲೆಯನ್ನು ಮುಚ್ಚಿದುದು ಸುಲಭವಾಗಿ ನಡೆದ ಕಾರ್ಯವಲ್ಲ. ಹಳೆಯ ವಿದ್ಯಾರ್ಥಿಗಳೂ, ಕೆಲಸ ಕಳೆದುಕೊಂಡ ಉಪಾಧ್ಯಾಯರೂ ತೀವ್ರವಾಗಿ ವಿರೋಧಿಸಿದರು. ಅವರ ಆಕ್ಷೇಪಣೆಯಲ್ಲಿ ಸತ್ಯವಿದ್ದಿತು. ಹಗಲೆಲ್ಲ ದುಡಿಯದಿದ್ದರೆ ಹೊಟ್ಟೆ ಹೊರೆಯಲಾರದ ಬಡವನಿಗೆ ಈ ಸಂಜೆಯ ಪಾಠವೊಂದೇ ಆಧಾರ. ದೇಶದ ತುಂಬ ಆರ್ಥಿಕ ಮುಗ್ಗಟ್ಟು ಹಬ್ಬುತ್ತಿದ್ದ ಸಮಯದಲ್ಲಿ ಆ ಬಾಗಿಲನ್ನು ಮುಚ್ಚಿದವರು ಯಾರು? ಆ ಬಾಗಿಲಿನಿಂದಲೇ ಒಳಗೆ ಬಂದು ವಕೀಲರಾದವರ ಮಗ. ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು. ಆ ವರ್ಷಗಳಲ್ಲಿ ಶಾಲೆಗೆ ಬರಲಾರದೆ ಹೋದವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. 1954ರ ವಿಜಯವನ್ನು ಲೆಕ್ಕಹಾಕುವವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಹ್ಯೂಸ್ಟನ್ನರ ಉತ್ತರವೇನು? ಸಾಧಾರಣ ಬಿಳಿಯ ವಕೀಲನಿಗೆ ಸಮನಾದ ಕಪ್ಪು ವಕೀಲನು ಸಾಲದು. ಎದುರಾಳಿಯೂ ಜೂರಿಯೂ ನ್ಯಾಯಾಧೀಶನೂ ಬಿಳಿಯರೇ ಆಗಿರುವ ನ್ಯಾಯಾಲಯದಲ್ಲಿ ಅವನ ಒಂದು ತಪ್ಪಿಗೂ ಕ್ಷಮೆಯಿಲ್ಲ, ಆ ತಪ್ಪಿನ ಫಲವನ್ನು ಕಕ್ಷಿಗಾರನು ಕೆಲವೊಮ್ಮೆ ಪ್ರಾಣದಿಂದ ತೆರಬೇಕಾಗುತ್ತದೆ ಎಂಬುದು ಅವರ ವಾದ. ಅರ್ಧ ಕಲಿತ ನೂರು ಮಂದಿಗಿಂತ ಪೂರ್ಣವಾಗಿ ಕಲಿತ ಹತ್ತು ಮಂದಿ ಲೇಸೆಂಬುದು ಈ ವಾದದ ತಾತ್ಪರ್ಯ. ಎರಡು ಪಕ್ಷಗಳೂ ಒಂದೇ ಜನಾಂಗದ ಹಿತವನ್ನು ಬಯಸಿದುವೆಂಬುದೇ ಈ ವಿವಾದದ ಕಷ್ಟ.

5

ಪಾಠದ ಕ್ರಮವು ಎರಡು ಅಂಗಗಳುಳ್ಳದ್ದು. ಮೊದಲನೆಯದು, ಹಾರ್ವರ್ಡಿನಲ್ಲಿ ಲ್ಯಾಂಗ್‌ಡೆಲ್ಲರು 1870ರಿಂದ ರೂಢಿಗೆ ತಂದಿದ್ದ ಪದ್ಧತಿ: ಸಿದ್ಧಾಂತವನ್ನು ಉಪನ್ಯಾಸದಿಂದ ಹೇಳದೆ, ನಡೆದ ವ್ಯಾಜ್ಯಗಳ ತೀರ್ಪುಗಳನ್ನು ವಿದ್ಯಾರ್ಥಿಯೇ ಓದಿ ಬಂದು, ಉಪಾಧ್ಯಾಯನ ಪ್ರಶ್ನೆಗಳಿಗೆ ಉತ್ತರಿಸುತ್ತ ಸಿದ್ಧಾಂತವನ್ನು ತಾನೇ ಕಂಡುಕೊಳ್ಳುವುದು. ಎರಡನೆಯದು ಹ್ಯೂಸ್ಟನ್ನರದೇ ಆದುದು. ಒಪ್ಪಂದ, ಆಸ್ತಿ, ಅಪರಾಧ, ಸಾಕ್ಷ್ಯ ಮೊದಲಾದ ಯಾವ ವಿಷಯವನ್ನು ಹೇಳುವಾಗಲೂ, ಇದು ಕಪ್ಪು ಜನರ ಬಾಳನ್ನು ಎಲ್ಲಿ ಮುಟ್ಟುತ್ತದೆ, ಇದನ್ನು ಅವರ ರಕ್ಷಣೆಗೆ ಹೇಗೆ ಬಳಸಬಹುದು ಎಂಬ ವಿಚಾರವನ್ನು ಅವರು ಸೇರಿಸುತ್ತಿದ್ದರು. ವಿದ್ಯಾರ್ಥಿಗಳನ್ನು ನ್ಯಾಯಾಲಯಗಳಿಗೂ ಸೆರೆಮನೆಗಳಿಗೂ ಕರೆದೊಯ್ದು ತೋರಿಸುತ್ತಿದ್ದರು. ಪೌಂಡ್, ಕ್ಲಾರೆನ್ಸ್ ಡ್ಯಾರೋ ಮೊದಲಾದ ಪ್ರಸಿದ್ಧರನ್ನು ಬರಮಾಡಿಕೊಂಡು ಉಪನ್ಯಾಸ ಮಾಡಿಸುತ್ತಿದ್ದರು.

ವಕೀಲನು ಸಮಾಜವನ್ನು ತಿದ್ದಿ ಕಟ್ಟುವ ಎಂಜಿನಿಯರನಾಗಿರಬೇಕು. ಆಗದಿದ್ದರೆ ಅವನು ಅದರ ರಸವನ್ನು ಹೀರಿ ಬದುಕುವ ಬಂದಳಿಕೆ. ಇವೆರಡರ ನಡುವೆ ಮೂರನೆಯ ಸ್ಥಾನವಿಲ್ಲ—ಇದು ಅವರು ತರಗತಿಯಲ್ಲಿ ಮೇಲಿಂದ ಮೇಲೆ ಹೇಳುತ್ತಿದ್ದ ಮಾತಿನ ಸಾರಾಂಶ. ಅವರ ಕಟ್ಟುನಿಟ್ಟಿಗೆ ಬೇಸತ್ತ ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರಿಗೆ ಕಬ್ಬಿಣದ ಬೂಟೆಂಬ ಅಡ್ಡಹೆಸರನ್ನಿಟ್ಟಿದ್ದರು. ಸೇರಿದವರಲ್ಲಿ ಅನೇಕರು ನಡುವೆಯೇ ಬಿಟ್ಟುಹೋದರು. ಉಳಿದವರಲ್ಲಿ ಬಾಲ್ಟಿಮೋರಿನಿಂದ ಪ್ರತಿದಿನವೂ ರೈಲಿನಲ್ಲಿ ಬಂದುಹೋಗುತ್ತಿದ್ದ ಮಾರ್ಷಲ್ಲರೂ, ಅವರ ಸ್ನೇಹಿತ ಹಿಲ್ಲರೂ ಇದ್ದರು. ಮಾರ್ಷಲ್ಲರ ಮನೆ ಬಾಲ್ಟಿಮೋರಿನಲ್ಲಿದ್ದು, ಆ ಪ್ರಾಂತದ ನ್ಯಾಯಶಾಸ್ತ್ರಶಾಲೆಯೂ ಅದೇ ಊರಿನಲ್ಲಿದ್ದಿತು. ಆದರೆ ಅಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಶಾಲೆಯ ಖರ್ಚಿಗಾಗಿ ಅವರ ತಾಯಿ ತಮ್ಮ ಮದುವೆಯ ಉಂಗುರವನ್ನು ಒತ್ತೆಯಿಟ್ಟರೆಂದು ಹೇಳುತ್ತಾರೆ. 1933ರಲ್ಲಿ ಮಾರ್ಷಲ್ಲರು ಮೊದಲನೆಯವರಾಗಿಯೂ ಹಿಲ್ಲರು ಎರಡನೆಯವರಾಗಿಯೂ ತೇರ್ಗಡೆಯಾದರು.

ಅದೇ 1933ರ ಕೊನೆಯಲ್ಲಿ ಶಾಲೆಯ ವಿದ್ಯೆಗೆ ಬಹಿರಂಗ ಪರೀಕ್ಷೆಯೊಂದು ಬಂದಿತು. ವರ್ಜಿನಿಯಾದ ಲೀಸ್‌ಬರ್ಗಿನಲ್ಲಿ ಇಬ್ಬರು ಬಿಳಿಯ ಸ್ತ್ರೀಯರ ಕೊಲೆಯ ಆಪಾದನೆಗೆ ಗುರಿಯಾಗಿದ್ದ ಜಾರ್ಜ್ ಕ್ರಾಫರ್ಡ್ ಎಂಬ ಕಪ್ಪು ಮನುಷ್ಯನ ಪರವಾಗಿ ಹ್ಯೂಸ್ಟನ್, ರಾನ್ಸಮ್ ಮೊದಲಾದವರು ನಿಂತರು. ದಕ್ಷಿಣದ ಅಂಥ ನ್ಯಾಯಾಲಯದಲ್ಲಿ, ಅಂಥ ಆಪಾದನೆಯಲ್ಲಿ, ಕೇವಲ ಕಪ್ಪು ವಕೀಲರೇ ವಾದಿಸಿದುದು ಅಪೂರ್ವ. ಆಪಾದಿತನಿಗೆ ಮರಣದಂಡನೆ ತಪ್ಪಿ ಆಜೀವ ಸೆರೆವಾಸ ವಿಧಿಸಲ್ಪಟ್ಟಿತು. ಮೇಲಿನ ನ್ಯಾಯಾಲಯಕ್ಕೆ ಹೋಗದೆ ಬಿಟ್ಟರೆಂದು ಹ್ಯೂಸ್ಟನ್ನರನ್ನು ಖಂಡಿಸಿದವರೂ ಉಂಟು. ಪುನರ್ವಿಚಾರಣೆಯಾದರೆ ಗಲ್ಲಾಗಬಹುದೆಂಬ ಭಯವನ್ನು ಬಲ್ಲವರಿಗೆ ಅವರ ಎಚ್ಚರಿಕೆ ಅರ್ಥವಾದೀತು.

6

1935ರಲ್ಲಿ ಹ್ಯೂಸ್ಟನ್ನರು ಶಾಲೆಯನ್ನು ಬಿಟ್ಟು, ವರ್ಣೀಯ ಜನರ ಅಭ್ಯುದಯಕ್ಕಾಗಿ 1909ರಲ್ಲಿ ಸ್ಥಾಪಿತವಾಗಿದ್ದ ರಾಷ್ಟ್ರೀಯ ಸಂಘದ ವಿಶೇಷ ನ್ಯಾಯವಾದಿಗಳಾಗಿ ನ್ಯೂಯಾರ್ಕಿಗೆ ಹೋದರು. ಶಾಲೆಯಲ್ಲಿ ಬೆಳೆದ ಆಲೋಚನೆಯು ಇಲ್ಲಿಂದ ಮುಂದೆ ವ್ಯಾಜ್ಯಗಳ ರೂಪವನ್ನು ತಾಳಿತು.

ಆ ಆಲೋಚನೆ ಇಷ್ಟು: ಪ್ಲೆಸ್ಸಿ ತೀರ್ಪನ್ನು ಒಮ್ಮೆಲೇ ಕೆಡವಿರೆಂದು ನ್ಯಾಯಾಲಯವನ್ನು ಕೇಳಿದರೆ ಅದು ಒಪ್ಪಲಾರದು, ಆದುದರಿಂದ ಆ ತೀರ್ಪಿನ ಸಮಾನವೆಂಬ ಮಾತನ್ನೇ ಹಿಡಿದು, ಅದನ್ನು ಅಕ್ಷರಶಃ ನಡೆಯಿಸಿರೆಂದು ಒತ್ತಾಯಿಸಬೇಕು. ನಿಜವಾದ ಸಮಾನತೆಯನ್ನು ಎರಡೆರಡು ಕಡೆ ಕಟ್ಟುವ ವೆಚ್ಚವನ್ನು ಯಾವ ಪ್ರಾಂತವೂ ತಾಳಲಾರದು. ಆರಂಭಕ್ಕೆ ಉಚ್ಚ ವಿದ್ಯಾಲಯಗಳೇ ತಕ್ಕ ಸ್ಥಳ; ಏಕೆಂದರೆ ಕಪ್ಪು ಜನರಿಗೆ ಅಂಥವು ದಕ್ಷಿಣದಲ್ಲಿ ಬಹುಮಟ್ಟಿಗೆ ಇರಲೇ ಇಲ್ಲ. ಅವುಗಳಲ್ಲಿಯೂ ನ್ಯಾಯಶಾಸ್ತ್ರಶಾಲೆಯೇ ಮುಖ್ಯ. ಒಳ್ಳೆಯ ಆಸ್ಪತ್ರೆ ಹೇಗಿರಬೇಕೆಂದು ನ್ಯಾಯಾಧೀಶನಿಗೆ ತಿಳಿಯದೆ ಇರಬಹುದು. ಒಳ್ಳೆಯ ನ್ಯಾಯಶಾಸ್ತ್ರಶಾಲೆ ಹೇಗಿರಬೇಕೆಂಬುದನ್ನು ಅವನಿಗೆ ಯಾರೂ ಹೇಳಬೇಕಾದುದಿಲ್ಲ. ಇದರ ಜೊತೆಗೆ ಹ್ಯೂಸ್ಟನ್ನರು ದಕ್ಷಿಣ ಕ್ಯಾರೊಲೈನಾ ಪ್ರಾಂತದಲ್ಲಿ ಚಲಚ್ಚಿತ್ರದ ಕ್ಯಾಮೆರಾವನ್ನು ಹಿಡಿದು ಸುತ್ತಿ, ಬಿಳಿಯರ ಮಕ್ಕಳ ಶಾಲೆಯನ್ನೂ ಕಪ್ಪು ಮಕ್ಕಳ ಶಾಲೆಯನ್ನೂ ಸಾಕ್ಷ್ಯವಾಗಿ ಚಿತ್ರಿಸಿಕೊಂಡರು.

ಮೊದಲ ಫಲ ಬಾಲ್ಟಿಮೋರಿನಲ್ಲಿಯೇ ದೊರೆಯಿತು. ಹ್ಯೂಸ್ಟನ್ನರಂತೆಯೇ ಆಮ್‌ಹರ್ಸ್ಟಿನ ಪದವೀಧರರಾಗಿದ್ದ ಡೊನಾಲ್ಡ್ ಮರ್ರೆಯವರಿಗೆ ಮೇರಿಲ್ಯಾಂಡ್ ನ್ಯಾಯಶಾಸ್ತ್ರಶಾಲೆಯು ಪ್ರವೇಶವನ್ನು ನಿರಾಕರಿಸಿದ್ದಿತು. 1935ರ ಜೂನ್ ತಿಂಗಳಲ್ಲಿ ಹ್ಯೂಸ್ಟನ್ನರೂ ಮಾರ್ಷಲ್ಲರೂ—ಗುರುಶಿಷ್ಯರು—ಜೊತೆಯಾಗಿ ವಾದಿಸಿ, ಪ್ರವೇಶವನ್ನು ಕೊಡತಕ್ಕದ್ದೆಂಬ ಆಜ್ಞೆಯನ್ನು ಪಡೆದರು. 1936ರ ಜನವರಿಯಲ್ಲಿ ಪ್ರಾಂತದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಎರಡು ವರ್ಷಗಳ ಹಿಂದೆ ಮಾರ್ಷಲ್ಲರು ರೈಲಿನಿಂದ ದಿನವೂ ನೋಡುತ್ತ ದಾಟಿಹೋಗುತ್ತಿದ್ದ ಊರಿನ ಬಾಗಿಲು ಹೀಗೆ ತೆರೆಯಿತು. ಮರ್ರೆಯವರು 1938ರಲ್ಲಿ ಅಲ್ಲಿಂದ ಪದವಿ ಪಡೆದರು.

ಎರಡನೆಯದು ಮಿಸೌರಿ ಪ್ರಾಂತದ ಲಾಯ್ಡ್ ಗೇನ್ಸರ ವ್ಯಾಜ್ಯ. ಅವರನ್ನು ತನ್ನ ಶಾಲೆಗೆ ಸೇರಿಸದೆ, ಬೇರೆ ಪ್ರಾಂತಕ್ಕೆ ಹೋಗಿ ಓದುವುದಾದರೆ ಶುಲ್ಕವನ್ನು ಕೊಡುವೆನೆಂದು ಆ ಪ್ರಾಂತವು ಹೇಳಿದ್ದಿತು. ವರಿಷ್ಠ ನ್ಯಾಯಾಲಯದಲ್ಲಿ ವಾದಿಸುವುದಕ್ಕೆ ಮುಂಚೆ ಹ್ಯೂಸ್ಟನ್ನರು ಹೋವರ್ಡಿಗೆ ಬಂದು, ಉಪಾಧ್ಯಾಯರೂ ವಿದ್ಯಾರ್ಥಿಗಳೂ ನ್ಯಾಯಾಧೀಶರಂತೆ ಕುಳಿತು ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ ತಮ್ಮ ವಾದವನ್ನು ಒರೆಹಚ್ಚಿಕೊಂಡರು. ಮರುದಿನ ಮಾತನಾಡಲು ಎದ್ದುನಿಂತಾಗ ನ್ಯಾಯಾಧೀಶ ಮ್ಯಾಕ್‌ರೆನಾಲ್ಡ್ಸರು ಕುರ್ಚಿಯನ್ನು ತಿರುಗಿಸಿ ಬೆನ್ನುಮಾಡಿ ಕುಳಿತರೆಂದು ಪ್ರತೀತಿ. 1938ನೆಯ ಡಿಸೆಂಬರ್ 12ರಂದು ಮುಖ್ಯ ನ್ಯಾಯಾಧೀಶ ಹ್ಯೂಸರು, ಬಿಳಿಯರಿಗೆ ತನ್ನ ಮೇರೆಯೊಳಗೆ ಕೊಟ್ಟ ವಿದ್ಯೆಯನ್ನು ಕಪ್ಪು ಪ್ರಜೆಗೂ ಅಲ್ಲಿಯೇ ಕೊಡುವುದು ಪ್ರಾಂತದ ಕರ್ತವ್ಯವೆಂದು ತೀರ್ಪನ್ನಿತ್ತರು. ಆರು ಮಂದಿ ಒಪ್ಪಿದರು, ಇಬ್ಬರು ವಿರೋಧಿಸಿದರು. ಆದರೆ ಗೇನ್ಸರು ಆ ಶಾಲೆಯ ಮೆಟ್ಟಿಲನ್ನು ಹತ್ತಲಿಲ್ಲ. 1939ರ ಮಾರ್ಚ್ ತಿಂಗಳಲ್ಲಿ ಷಿಕಾಗೋ ನಗರದಲ್ಲಿ ಅವರು ಕಾಣೆಯಾದರು. ಅವರಿಗೇನಾಯಿತೆಂಬುದು ತಿಳಿದುಬರಲೇ ಇಲ್ಲ. ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಅವರ ಹೆಸರು ಒಂದು ಪೂರ್ವನಿರ್ಣಯವಾಗಿ ಉಳಿದಿದೆ. ವಾದಿಯಾಗಿ ನಿಂತವನ ಬಾಳು ಎಷ್ಟು ಅರಕ್ಷಿತವೆಂಬುದಕ್ಕೂ ಅದೇ ದೃಷ್ಟಾಂತ.

7

ಹ್ಯೂಸ್ಟನ್ನರು ಹೋದ ಮೇಲೆ ಶಾಲೆಯ ಕೆಲಸ ನಿಲ್ಲಲಿಲ್ಲ. 1936ರಲ್ಲಿ ಬಂದು ಸೇರಿದ ಜೇಮ್ಸ್ ನ್ಯಾಬ್ರಿಟ್ಟರು 1938ರಲ್ಲಿ ಪೌರಹಕ್ಕುಗಳ ಕಾನೂನನ್ನು ಪ್ರತ್ಯೇಕ ವಿಷಯವನ್ನಾಗಿ ಮಾಡಿ ಪಾಠ ಹೇಳಲು ಪ್ರಾರಂಭಿಸಿದರು. ಅಮೆರಿಕದ ನ್ಯಾಯಶಾಸ್ತ್ರಶಾಲೆಗಳಲ್ಲಿ ಇಂಥ ಪಾಠಕ್ರಮವು ಇದೇ ಮೊದಲು. ಆವರೆಗೆ ಈ ತೀರ್ಪುಗಳು ಬೇರೆಬೇರೆ ವಿಷಯಗಳ ಅಡಿಯಲ್ಲಿ ಚೆದುರಿಹೋಗಿದ್ದವು. ಅವನ್ನು ಒಂದೆಡೆ ತಂದು ಕ್ರಮಪಡಿಸಿದುದರಿಂದ, ಎಲ್ಲಿ ಗೋಡೆ ಗಟ್ಟಿಯಾಗಿದೆ, ಎಲ್ಲಿ ಬಿರುಕುಬಿಟ್ಟಿದೆ ಎಂಬುದು ವಿದ್ಯಾರ್ಥಿಗಳಿಗೆ ಕಾಣುವಂತಾಯಿತು. ವಿಚಾರಣೆಯಲ್ಲಿದ್ದ ವ್ಯಾಜ್ಯಗಳ ಪ್ರಶ್ನೆಗಳೇ ತರಗತಿಯ ಪ್ರಶ್ನೆಗಳಾದವು. ವರಿಷ್ಠ ನ್ಯಾಯಾಲಯಕ್ಕೆ ಹೋಗುವ ವಕೀಲರು ಮೊದಲು ಹೋವರ್ಡಿನಲ್ಲಿ ವಾದಿಸಿ ನೋಡುವುದೂ ಸಂಪ್ರದಾಯವಾಯಿತು. 1939ರಿಂದ 1946ರವರೆಗೆ ಡೀನರಾಗಿದ್ದವರು ಹೇಸ್ಟಿ.

ಶಾಲೆಯ ಕಣ್ಣಿಗೆ ಬೀಳದೆ ಹೋದ ಅನ್ಯಾಯವೂ ಒಂದಿದ್ದಿತು. 1941ರಲ್ಲಿ ಸೇರಿದ ಪಾಲಿ ಮರ್ರೆಯವರು ತರಗತಿಯಲ್ಲಿ ಒಬ್ಬರೇ ಸ್ತ್ರೀ. ಕಪ್ಪು ಬಣ್ಣದವರೆಂಬ ಕಾರಣದಿಂದ 1938ರಲ್ಲಿ ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾನಿಲಯವು ಅವರನ್ನು ತಿರಸ್ಕರಿಸಿದ್ದಿತು. ಹೋವರ್ಡಿಗೆ ಬಂದ ಮೊದಲ ದಿನವೇ, ಹೆಂಗಸರು ನ್ಯಾಯಶಾಸ್ತ್ರಕ್ಕೆ ಏಕೆ ಬರುತ್ತಾರೋ ತಿಳಿಯದೆಂಬ ಉಪಾಧ್ಯಾಯರ ಪರಿಹಾಸ್ಯವನ್ನು ಅವರು ಕೇಳಬೇಕಾಯಿತು. ಅವರು 1944ರಲ್ಲಿ ಮೊದಲಿಗರಾಗಿ ತೇರ್ಗಡೆಯಾದಾಗ, ಸ್ತ್ರೀಯೆಂಬ ಕಾರಣದಿಂದ ಹಾರ್ವರ್ಡು ಅವರನ್ನು ಸೇರಿಸಿಕೊಳ್ಳಲಿಲ್ಲ.

ಪಾಲಿ ಮರ್ರೆಯವರು ಗಾಂಧೀಜಿಯ ಸತ್ಯಾಗ್ರಹದ ವಿಚಾರವನ್ನು ಓದಿ ಮನನಮಾಡಿದ್ದವರು. 1940ರಲ್ಲಿ ವರ್ಜಿನಿಯಾದಲ್ಲಿ ಬಸ್ಸಿನ ಹಿಂದಿನ ಮುರುಕು ಪೀಠಕ್ಕೆ ಹೋಗಲೊಲ್ಲದೆ ಬಂಧನಕ್ಕೊಳಗಾದಾಗಲೂ ಆ ಕ್ರಮದಲ್ಲಿಯೇ ನಡೆದುಕೊಳ್ಳಲು ಯತ್ನಿಸಿದ್ದರು. 1943ರ ಏಪ್ರಿಲ್‌ನಲ್ಲಿ ಅವರ ಸಲಹೆಯಂತೆ ಹೋವರ್ಡಿನ ವಿದ್ಯಾರ್ಥಿಗಳು, ಕಪ್ಪು ಜನರಿಗೆ ಊಟ ಬಡಿಸದ ಹೋಟಲೊಂದಕ್ಕೆ ಹೋಗಿ, ಬರಿದಾದ ತಟ್ಟೆಗಳನ್ನು ಮುಂದಿಟ್ಟುಕೊಂಡು ಮೌನವಾಗಿ ಪುಸ್ತಕ ಓದುತ್ತ ಕುಳಿತರು. ಕೆಲವು ದಿನಗಳಲ್ಲಿಯೇ ಮಾಲಿಕನು ಮಣಿದನು. ಮರುವರ್ಷ ಥಾಂಪ್ಸನ್ ಎಂಬ ಇನ್ನೊಂದು ಭೋಜನಶಾಲೆಯಲ್ಲಿಯೂ ಹಾಗೆಯೇ ನಡೆಯಿತು. ಆಗ ವಿಶ್ವವಿದ್ಯಾನಿಲಯದ ಅಧಿಕಾರಿಗಳೇ ಅದನ್ನು ನಿಲ್ಲಿಸಬೇಕೆಂದರು. ಏಕೆಂದರೆ ವಿಶ್ವವಿದ್ಯಾನಿಲಯದ ಧನವು ಬರುತ್ತಿದ್ದುದು ಕಾಂಗ್ರೆಸ್ ಸಭೆಯಿಂದ, ಆ ಸಭೆಯಲ್ಲಿ ದಕ್ಷಿಣದ ಸದಸ್ಯರು ಬಲಿಷ್ಠರು. ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಜಧಾನಿಯ ಭೋಜನಶಾಲೆಗಳಲ್ಲಿ ಭೇದವೆಣಿಸಬಾರದೆಂದು 1872 ಮತ್ತು 1873ರಲ್ಲಿ ಆಗಿ ಮರೆತುಹೋಗಿದ್ದ ಕಾನೂನುಗಳು ಇನ್ನೂ ಜೀವಂತವಾಗಿವೆಯೆಂದು ವರಿಷ್ಠ ನ್ಯಾಯಾಲಯವು 1953ರಲ್ಲಿ ಸಾರಿತು. ಆ ವ್ಯಾಜ್ಯದ ಪ್ರತಿವಾದಿ ಅದೇ ಥಾಂಪ್ಸನ್ ಕಂಪೆನಿ.

ಪಾಲಿ ಮರ್ರೆಯವರ ಇನ್ನೊಂದು ಕಾಣಿಕೆ ತರಗತಿಯಲ್ಲಿಯೇ ಹುಟ್ಟಿತು. ಸಮಾನತೆಯನ್ನು ಅಳೆಯುತ್ತ ಕೂರುವುದನ್ನು ಬಿಟ್ಟು ಪ್ರತ್ಯೇಕತೆಯನ್ನೇ ನೇರವಾಗಿ ಪ್ರಶ್ನಿಸಬೇಕೆಂದು ಅವರು ಹೇಳಿದಾಗ ಜೊತೆಯವರು ನಕ್ಕರು. ಇಪ್ಪತ್ತೈದು ವರ್ಷಗಳೊಳಗೆ ಪ್ಲೆಸ್ಸಿ ತೀರ್ಪು ಬಿದ್ದೇ ಬೀಳುವುದೆಂದು ಉಪಾಧ್ಯಾಯ ರಾಬಿನ್ಸನ್ನರೊಡನೆ ಹತ್ತು ಡಾಲರಿನ ಪಂಥವನ್ನು ಕಟ್ಟಿ, ಆ ವಾದವನ್ನು ಪ್ರಬಂಧವಾಗಿ ಬರೆದುಕೊಟ್ಟರು. ಬ್ರೌನ್ ವ್ಯಾಜ್ಯಕ್ಕೆ ಸಿದ್ಧತೆ ನಡೆದಾಗ ಆ ಪ್ರಬಂಧವನ್ನು ಹುಡುಕಿ ತೆಗೆದು ಓದಿದುದಾಗಿ ರಾಬಿನ್ಸನ್ನರು ಹಲವು ವರ್ಷಗಳ ಮೇಲೆ ಅವರಿಗೆ ತಿಳಿಸಿದರು. ಪಂಥವು ಹತ್ತು ವರ್ಷಗಳಲ್ಲಿಯೇ ಗೆದ್ದಿದ್ದಿತು.

8

ಹ್ಯೂಸ್ಟನ್ನರ ಕ್ರಮದಲ್ಲಿ ಕೊನೆಯ ದೊಡ್ಡ ವಿಜಯವು ಟೆಕ್ಸಾಸ್ ಪ್ರಾಂತದ ಹೆಮನ್ ಸ್ವೆಟ್ಟರದು. ಅವರೊಬ್ಬರಿಗಾಗಿ ಆ ಪ್ರಾಂತವು ಪ್ರತ್ಯೇಕವಾದ ನ್ಯಾಯಶಾಸ್ತ್ರಶಾಲೆಯೊಂದನ್ನು ಅವಸರದಿಂದ ಹೂಡಿದ್ದಿತು. ಉಪಾಧ್ಯಾಯರ ಕೀರ್ತಿ, ಹಳೆಯ ವಿದ್ಯಾರ್ಥಿಗಳ ಸ್ಥಾನಮಾನ, ಮುಂದೆ ಜೊತೆಯಲ್ಲಿ ವ್ಯವಹರಿಸಬೇಕಾದವರೊಡನೆ ಕೂಡಿ ಕಲಿಯುವ ಅವಕಾಶ ಮುಂತಾದ, ಅಳತೆಗೆ ಸಿಕ್ಕದ ಗುಣಗಳಲ್ಲಿ ಅದು ಸಮಾನವಲ್ಲವೆಂದು 1950ನೆಯ ಜೂನ್ 5ರಂದು ವರಿಷ್ಠ ನ್ಯಾಯಾಲಯವು ಹೇಳಿತು. ಈ ಮಾತನ್ನು ಒಪ್ಪಿದ ಮೇಲೆ ಪ್ರತ್ಯೇಕವಾದುದು ಸಮಾನವಾಗುವುದು ಹೇಗೆಂಬ ಪ್ರಶ್ನೆ ತಾನೇ ಎದ್ದುನಿಲ್ಲುತ್ತದೆ. ಹ್ಯೂಸ್ಟನ್ನರು ಇದನ್ನು ಕೇಳಲು ಉಳಿದಿರಲಿಲ್ಲ. ಆರು ವಾರಗಳ ಹಿಂದೆ, ಏಪ್ರಿಲ್ 22ರಂದು, ಹೃದ್ರೋಗದಿಂದ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.

ರಾಜಧಾನಿಯ ಕಪ್ಪು ಮಕ್ಕಳ ತಂದೆತಾಯಿಗಳ ಸಂಘಕ್ಕೆ ಹ್ಯೂಸ್ಟನ್ನರು ವಕೀಲರಾಗಿದ್ದರು. ಕ್ಷೌರಿಕ ವೃತ್ತಿಯ ಗಾರ್ಡ್ನರ್ ಬಿಷಪ್ ಎಂಬವರು ಅದರ ಮುಖಂಡರು. ತಾವು ಹಾಸಿಗೆ ಹಿಡಿದಾಗ ಹ್ಯೂಸ್ಟನ್ನರು ಅವರನ್ನು ನ್ಯಾಬ್ರಿಟ್ಟರ ಬಳಿಗೆ ಕಳುಹಿಸಿದರು. ಶಾಲೆಗಳ ಸಮಾನತೆಯನ್ನು ಕೇಳುವುದಾದರೆ ತಾನು ಬರುವುದಿಲ್ಲ, ಪ್ರತ್ಯೇಕತೆಯನ್ನೇ ಪ್ರಶ್ನಿಸುವುದಾದರೆ ಬರುವೆನೆಂಬುದು ನ್ಯಾಬ್ರಿಟ್ಟರ ನಿಲವು. ರಾಜಧಾನಿಯು ಪ್ರಾಂತವಲ್ಲದುದರಿಂದ ಹದಿನಾಲ್ಕನೆಯ ತಿದ್ದುಪಡಿ ಅಲ್ಲಿಗೆ ಅನ್ವಯಿಸದು. ಆದುದರಿಂದ ಐದನೆಯ ತಿದ್ದುಪಡಿಯ ಆಧಾರದ ಮೇಲೆ ವಾದಿಸಿ, ಬ್ರೌನ್ ತೀರ್ಪಿನ ದಿನವೇ ಅವರು ಗೆದ್ದರು. ಗುರುವು ಸಮಾನವೆಂಬ ಮಾತನ್ನು ಹಿಡಿದು ಗೋಡೆಯನ್ನು ಸಡಿಲಿಸಿದನು. ಅವನ ಸ್ಥಾನದಲ್ಲಿ ನಿಂತವನು ಆ ಮಾತನ್ನು ಬಿಟ್ಟು ಗೋಡೆಯನ್ನು ಕೆಡವಿದನು.

ಶಾಲೆಯ ಮಂದಿ ಮುಂದೆ ಏರಿದ ಪದವಿಗಳು ಪ್ರಸಿದ್ಧವಾಗಿವೆ. ಹೇಸ್ಟಿ 1949ರಲ್ಲಿ, ರಾಬಿನ್ಸನ್ 1966ರಲ್ಲಿ ಸಂಯುಕ್ತ ಸರಕಾರದ ಮೇಲ್ಮನವಿ ನ್ಯಾಯಾಧೀಶರಾದರು. 1967ರಲ್ಲಿ ಮಾರ್ಷಲ್ಲರು ವರಿಷ್ಠ ನ್ಯಾಯಾಲಯದ ಪೀಠವನ್ನೇರಿದರು. ಆ ಪೀಠಕ್ಕೆ ಬಂದ ಕಪ್ಪು ಜನರಲ್ಲಿ ಅವರೇ ಮೊದಲಿಗರು. ವರ್ಣಭೇದವನ್ನೂ ನ್ಯಾಯವನ್ನೂ ಕುರಿತು 2005ರಲ್ಲಿ ಹಾರ್ವರ್ಡ್ ನ್ಯಾಯಶಾಸ್ತ್ರಶಾಲೆಯಲ್ಲಿ ಸ್ಥಾಪಿತವಾದ ಸಂಸ್ಥೆಗೆ ಹ್ಯೂಸ್ಟನ್ನರ ಹೆಸರನ್ನೇ ಇಟ್ಟರು.

ತೀರ್ಪು ಬಂದೊಡನೆ ಎಲ್ಲವೂ ಸರಿಹೋಯಿತೆಂದಲ್ಲ. 1955ರ ಎರಡನೆಯ ಬ್ರೌನ್ ತೀರ್ಪು ಅದನ್ನು ಆಚರಣೆಗೆ ತರುವ ಕಾಲವನ್ನು ನಿಶ್ಚಯಿಸದೆ ಬಿಟ್ಟಿತು. ವರ್ಜಿನಿಯಾದ ಪ್ರಿನ್ಸ್ ಎಡ್ವರ್ಡ್ ಜಿಲ್ಲೆಯವರು ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವುದಕ್ಕೆ ಬದಲಾಗಿ 1959ರಿಂದ 1964ರವರೆಗೆ ತಮ್ಮ ಸರಕಾರೀ ಶಾಲೆಗಳನ್ನೇ ಮುಚ್ಚಿಬಿಟ್ಟರು. ಆದರೆ ಹೋವರ್ಡಿನ ಚರಿತ್ರೆಯಿಂದ ಒಂದು ಮಾತು ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ. ರಾಜ್ಯಾಂಗದ ಹದಿನಾಲ್ಕನೆಯ ತಿದ್ದುಪಡಿ 1868ರಿಂದಲೂ ಇದ್ದಿತು. 1954ರಲ್ಲಿ ಅದರ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದುದು ಅದನ್ನು ಓದಿ ಹೇಳತಕ್ಕವರ ಸಿದ್ಧತೆ. ಆ ಸಿದ್ಧತೆಯನ್ನು ಮಾಡಿಕೊಟ್ಟುದು ಐದನೆಯ ಬೀದಿಯ ಮನೆಯಲ್ಲಿ ಆರಂಭವಾದ ನಿತ್ಯದ ಪಾಠ. ಅದಕ್ಕೆ ಬೆಲೆ ತೆತ್ತವರಲ್ಲಿ ಆ ಮನೆಯ ರಾತ್ರಿಯ ದೀಪ ಆರಿದ ಮೇಲೆ ಹೊರಗೇ ಉಳಿದವರೂ ಸೇರಿದ್ದಾರೆ.